ಒಂಬತ್ತನೆಯ ವಿಷಯ

ರಸ್ತೆಗೆ ಸುರಿಯುವ ಉಪ್ಪು ಎಂಟನೆಯದು,
ಹಿಮ ಬಾಚುವ ಲಾರಿಯ ಬ್ಲೇಡು ಹತ್ತನೆಯದು.
ನಡುವೆ ಒಂಬತ್ತು: ಸಾವಿನ ಕಾರಣ ಹುಡುಕಲು ಒಬ್ಬ ವೈದ್ಯರು.
ನಡಾವಳಿ ಬರೆಯುವವಳು ನಾನು. ಹತ್ತೊಂಬತ್ತು ವರ್ಷದಿಂದ
ಟೆನ್ನಿಕ್ ಕೌಂಟಿಯ ಐದು ಬಾಯಿಗೆ ಒಂದೇ ಪೆನ್ನು.

ಇಲ್ಲಿಯತನಕ ಆ ಕೆಲಸ ಓರ್ವಿಲ್ ಸ್ಟ್ರಾಂಡನದು.
ನಾವೇ ಓಟು ಹಾಕಿ ಆರಿಸಿದ್ದು, ನಾಲ್ಕು ಸಲ;
ಮೂರು ಸಲ ಎದುರಾಳಿಯೇ ಇರಲಿಲ್ಲ.
ಶವಪೆಟ್ಟಿಗೆಯ ಅಂಗಡಿ ಅವನದು. ಮಾತು ಮೆದು,
ಹೆಣವನ್ನೂ ಬಹುವಚನದಲ್ಲೇ ಮಾತಾಡಿಸುವವ.
ಎದೆ ಹಿಡಿದು ಬಿದ್ದವರಿಗೆಲ್ಲ ಹೃದಯ ಎಂದು ಬರೆದ,
ತಿಳಿಯದಿದ್ದರೆ, ತಿಳಿದಿಲ್ಲ.
ತಿಳಿದಿಲ್ಲ ಎಂದು ಬರೆಯಲು ದುಡ್ಡು ಬೇಕಿಲ್ಲ.

ತಿಳಿಯಲು ಬೇಕು.
ನೂರ ನಲವತ್ತು ಮೈಲಿಯಾಚೆ ಪಟ್ಟಣದ ತಣ್ಣನೆ ಕೋಣೆ,
ಹೆಣವೊಂದಕ್ಕೆ ಮೂರು ಸಾವಿರದ ಇನ್ನೂರು ಡಾಲರು,
ವ್ಯಾನಿನ ಬಾಡಿಗೆ ಬೇರೆ.
ವರ್ಷಕ್ಕೆ ಎಂಟು ಎಂದು ಎತ್ತಿಟ್ಟಿದ್ದೆವು.
ಜುಲೈಗೇ ಎಂಟೂ ಮುಗಿದವು.
ಒಂಬತ್ತನೆಯವನು ಆಗಸ್ಟಿನಲ್ಲಿ ಸತ್ತ,
ಕೋಲ್ಬಿ ಹವರ್‌ಕಾಂಪ್, ಇಪ್ಪತ್ತೆರಡು,
ಜೋಳದ ಕಣಜದ ಏಣಿಯ ಬುಡದಲ್ಲಿ.

ಸಾರ್ವಜನಿಕರಿಗೆ ಮೂರು ನಿಮಿಷ.
ಅವನ ತಾಯಿ ರೊವೀನಾ, ಕೋಟು ಬಿಚ್ಚದೆ ಕೂತವಳು,
ಅರ್ಧ ನಿಮಿಷವನ್ನಷ್ಟೇ ಬಳಸಿದಳು:
"ಬಿದ್ದಿರಬಹುದು ಅಂತ ಬರೆದಿದ್ದೀರಿ.
ಆ 'ಬಹುದು' ಜೊತೆ ದಿನಾ ಊಟಕ್ಕೆ ಕೂರುತ್ತೇನೆ."

ಎಲ್ಡನ್ ವಿಕ್‌ಸ್ಟ್ರಮ್ ಎಂದ: ಸತ್ತವರು ತೆರಿಗೆ ಕಟ್ಟುವುದಿಲ್ಲ.
ಕೆಟ್ಟವನಲ್ಲ; ಅವನ ಕಡೆಯ ಸೇತುವೆಗೆ
ಆರು ವರ್ಷದಿಂದ ಒಂದು ಕಂಬಿ ಸಿಕ್ಕಿಲ್ಲ.

ಅಕ್ಕಪಕ್ಕದ ಮೂರು ಕೌಂಟಿ ಸೇರಿ
ತಲೆ ಎಣಿಸಿ ಪಾಲು ಹಾಕಿ ಒಬ್ಬರನ್ನು ನೇಮಿಸುವುದು ಎಂದಾಯಿತು.
ಬಂದಿದ್ದರು ಡಾಕ್ಟರ್ ಇಫೆಯೋಮಾ ಒಬಿಡಿಕೆ.
ಸಂಬಳ ಕೇಳಲಿಲ್ಲ. ಕೇಳಿದ್ದು:
"ನಾನು ಬರೆದ ಕಾರಣ ಶೆರೀಫರಿಗೆ ಹಿಡಿಸದಿದ್ದರೆ
ನನ್ನನ್ನು ತೆಗೆಯುವವರು ಯಾರು?"
ಗೋಡೆಯ ಹೀಟರು ಮಾತ್ರ ಗೊರಗೊರ ಅಂತಿತ್ತು.
'ಚರ್ಚೆ ನಡೆಯಿತು' ಎಂದು ಬರೆದೆ.

ಆಗ ಓರ್ವಿಲ್ ಎದ್ದ, ಹ್ಯಾಟು ಕೈಯಲ್ಲಿ ತಿರುವುತ್ತ:
"ನನಗೆ ಮೈ ತೊಳೆಯಲು ಬರುತ್ತದೆ.
ಓದಲು ಬರುವುದಿಲ್ಲ."
ತನ್ನ ಕುರ್ಚಿಯ ಕಾಲು ತಾನೇ ಮುರಿದು ಕೂತ.

ಮೂರು ಕೈ ಪರ, ಎರಡು ವಿರುದ್ಧ.
ಹಣ ನಾಲ್ಕನೆಯ ರಸ್ತೆಯ ಜಲ್ಲಿಯಿಂದ.
(ನನ್ನ ಮನೆ ಇರುವುದು ಅಲ್ಲೇ; ಅದು ನಡಾವಳಿಯಲ್ಲಿಲ್ಲ.)
ಜನವರಿ ಒಂದರಿಂದ ಜಾರಿ.

"ಆಗಸ್ಟು?" ಎಂದಳು ರೊವೀನಾ.

ಅವಳ ಮೂರು ನಿಮಿಷದಲ್ಲಿ ಇನ್ನೂ ಎರಡೂವರೆ ಉಳಿದಿತ್ತು.
ಅಧ್ಯಕ್ಷರು ಕಾಗದ ಮಗುಚಿದರು.
'ಹಿಂದಿನದಕ್ಕೆ ಅನ್ವಯಿಸದು' ಎಂದು ಬರೆದು, ಗೆರೆ ಎಳೆದು,
ಹತ್ತು ಎಂದು ಬರೆದೆ.

ಬ್ಲೇಡಿಗೆ ಐದೂ ಕೈ ಎದ್ದವು.