ಬಾಂಬೋಳಿಯ ಬೆಂಚಿನಲ್ಲಿ ದಾವಲನಿಗೆ

ನಿನ್ನ ಚೀಟಿ ಅರವತ್ತೊಂದು, ನನ್ನದು ನಲವತ್ತು.
ಇನ್ನೂ ಹೊತ್ತಿದೆ, ಕೂತುಕೋ.
ಬಾಯಿಗೆ ಅಡ್ಡ ಹಿಡಿದ ಆ ಕೈ ಇಳಿಸು ದಾವಲ,
ಇಪ್ಪತ್ತಾರು ವರ್ಷ ನಾನೂ ಹಾಗೇ ಹಿಡಿದಿದ್ದೆ,
ವಾಸ್ಕೋದ ಔಷಧದಂಗಡಿಯಲ್ಲಿ
ಗುಳಿಗೆ ಎಣಿಸುವುದೂ ಒಂದೇ ಕೈಯಲ್ಲಿ.

ಡಾಕ್ಟರು ಎಲ್ಲ ಹೇಳುತ್ತಾರೆ, ಕೊಂಕಣಿ ಬೆರೆತ ಹಿಂದಿಯಲ್ಲಿ,
ಪ್ಲಾಸ್ಟಿಕ್ ಬುರುಡೆಯ ದವಡೆ ಬಿಚ್ಚಿ ತೋರಿಸಿ.
ಆ ಬುರುಡೆಗೆ ಹಸಿವಿಲ್ಲ, ಅತ್ತೆ ಇಲ್ಲ.

ಮೊದಲು ತಂತಿ, ಒಂದೂವರೆ ವರ್ಷ.
ಹಾಕಿದ ಕೂಡಲೇ ಚೆಂದವಾಗುತ್ತದೆ ಅಂದುಕೊಳ್ಳಬೇಡ,
ಇನ್ನೂ ಕೆಡುತ್ತದೆ.
ಎಲುಬಿನ ತಪ್ಪು ಮುಚ್ಚಲು ಇಷ್ಟು ದಿನ
ವಾಲಿಕೊಂಡು ನಿಂತಿದ್ದ ಹಲ್ಲುಗಳನ್ನು
ನೆಟ್ಟಗೆ ನಿಲ್ಲಿಸಿದಾಗ
ತಪ್ಪು ಇದ್ದಷ್ಟೂ ಹೊರಗೆ ಬರುತ್ತದೆ.
ನೀನು ಫರಸಿ ಕೂರಿಸುವವನು,
ಹಳೆಯದು ಕೀಳದೆ ಹೊಸ ಮಟ್ಟ ಸಿಗದು,
ಇದನ್ನು ನಿನಗೆ ನಾನು ಹೇಳಬೇಕೆ?
ಅಂದಹಾಗೆ ಗುಟ್ಕಾ ಬಿಡು.
ಜೇಬಿನಲ್ಲಿ ಕಾಣುತ್ತಿದೆ.

ಕೊಯ್ಯುವುದು ಬಾಯೊಳಗಿಂದ, ಹೊರಗೆ ಗೆರೆಯೂ ಉಳಿಯದು.
ಎಲುಬು ಸೀಳಿ, ಹಿಂದೆ ಸರಿಸಿ,
ಸಣ್ಣ ಪಟ್ಟಿ ಇಟ್ಟು ತಿರುಪು ಬಿಗಿಯುತ್ತಾರೆ.
ನನ್ನದು ಆರು ಮಿಲಿಮೀಟರ್,
ಜ್ವರದ ಗುಳಿಗೆಯಷ್ಟೂ ಅಗಲವಿಲ್ಲ.
ಅಷ್ಟರಲ್ಲೇ ಇತ್ತು, ಶಾಲೆಯಲ್ಲಿ ಕರೆದ ಹೆಸರೆಲ್ಲ.

ಮೂರನೇ ದಿನ ಮುಖ ಬೂದುಗುಂಬಳ.
ಕನ್ನಡಿ ಕೇಳಬೇಡ. ನಾನು ಕೇಳಿದೆ.
ತಲೆ ಎತ್ತರಿಸಿ ಮಲಗು,
ಮೇಲಿನ ದವಡೆಯನ್ನೂ ಮುಟ್ಟಿದ್ದರೆ ಮೂಗು ಸೀಟಬೇಡ,
ವಾಂತಿ ಬಂದರೆ ರಬ್ಬರು ಕತ್ತರಿಸಲು
ದಿಂಬಿನ ಹತ್ತಿರ ಕತ್ತರಿ ಇರಲಿ,
ಅದು ಎಲ್ಲಿದೆಯೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಮಾತು?
ಗಂಟಲಿನವು ಮೊದಲು ಬಂದವು, ಕ, ಗ.
ಊದಿದ ತುಟಿಯ ಹೊರಗೇ ನಿಂತವು ಪ, ಫ, ಬ, ಭ, ಮ,
ಮುಚ್ಚಿದ ಅಂಗಡಿಯ ಮುಂದೆ ಗಿರಾಕಿಗಳ ಹಾಗೆ.
ಅವ್ವ ಅನ್ನಲು ಆಗಲಿಲ್ಲ.
ಅತ್ತಿ ಅನ್ನಲು ಆಯಿತು,
ಅದಕ್ಕೆ ನಾಲಿಗೆ, ಹಲ್ಲು ಸಾಕು.

ನೀಲವ್ವತ್ತಿ. ಸ್ಟೇಶನ್ನಿನ ಎದುರು ಇಡ್ಲಿ ಗಾಡಿ.
ರವೆಗಂಜಿಯನ್ನು ಪಂಚೆಯಲ್ಲಿ ಎರಡು ಸಲ ಸೋಸಿ
ಸಿರಿಂಜಿನಲ್ಲಿ ಕೆನ್ನೆಯ ಸಂದಿಗೆ ಬಿಡುತ್ತಿದ್ದಳು
ಆರು ವಾರ.
ಆದರೂ ಏಳು ಕಿಲೋ ಇಳಿದೆ.
ಎರಡನೇ ವಾರ ಸುಮ್ಮಸುಮ್ಮನೆ ಅಳು ಬರುತ್ತದೆ,
ಬರಲಿ, ಕಣ್ಣಿಗೆ ರಬ್ಬರು ಹಾಕಿರುವುದಿಲ್ಲವಲ್ಲ.

ಐವತ್ತನೇ ದಿನ ಗಾಡಿಯ ಕೊನೆಯ ಇಡ್ಲಿ.
ಮುರಿಯದೆ ಎತ್ತಿಕೊಂಡೆ,
ಮುಂದಿನ ಹಲ್ಲಿನಲ್ಲಿ ಕಚ್ಚಿದೆ,
ಮೇಲಿನದು ಕೆಳಗಿನದು
ಹುಟ್ಟಿದ ಮೇಲೆ ಮೊದಲ ಸಲ ಭೇಟಿಯಾದವು.
ಇಡ್ಲಿಯ ಅಂಚಿನಲ್ಲಿ ಅರ್ಧಚಂದ್ರ ನೋಡುತ್ತ ಕೂತೆ,
ತಿನ್ನುವುದೇ ಮರೆತು.

ಅತ್ತಿ ಕೈ ಒರೆಸಿಕೊಂಡು ಬಂದಳು,
ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.
ಅಜ್ಜನ ಗದ್ದ, ಅಪ್ಪನ ಗದ್ದ,
ಗದಗಿನಿಂದ ಲಾರಿಯ ಸಿಮೆಂಟಿನ ಮೇಲೆ ಕೂತು ಬಂದದ್ದು,
ಜೋಪಡಿಯಿಂದ ಎಬ್ಬಿಸಿದ ದಿನವೂ ಮುಂದೆ ಚಾಚಿಯೇ ಇದ್ದದ್ದು,
ಅವಳ ಮುಖದಲ್ಲಿ ಇನ್ನೂ ಇರುವುದು.
“ಛಲೋ ಆಗೇತಿ,” ಅಂದಳು.
ಬಟ್ಟಲು ತೊಳೆಯಲು ಹೋದಳು. ಅಲ್ಲಿಂದಲೇ,
“ಇನ್ನ ಈ ಗದ್ದದಾಕಿ ನಾ ಒಬ್ಬಾಕಿನ.”

ರಬ್ಬರು ಬಿಚ್ಚಿತ್ತು, ಬಾಯಿ ತೆರೆಯುತ್ತಿತ್ತು,
ಏನೂ ಹೇಳಲಿಲ್ಲ.

ಇಲ್ಲಿ ನೋಡು, ತುಟಿಯ ಕೆಳಗೆ, ರೂಪಾಯಿಯಗಲ,
ಎರಡು ವರ್ಷವಾದರೂ ಜೋಮು ಹೋಗಿಲ್ಲ.
ಚಹಾ ಸುರಿದರೆ ಇನ್ನೊಬ್ಬರು ಹೇಳಬೇಕು.
ಹೀಗೂ ಆಗಬಹುದೆಂದು ಬರೆದಿತ್ತು,
ಓದಿಯೇ ಸಹಿ ಹಾಕಿದ್ದೆ.
ಮತ್ತೆ ಹಾಕು ಅಂದರೂ ಹಾಕುತ್ತೇನೆ.

ನಲವತ್ತು ಕರೆದರು.
ಹಾಲಿಗೆ, ಬಸ್ಸಿಗೆ, ಎರಡು ತಿಂಗಳ ಕೂಲಿಗೆ
ದುಡ್ಡು ಜೋಡಿಸಿಕೊಂಡು ಬಾ.
ಬರುವ ಮುಂಚೆ
ನಿನ್ನ ಗದ್ದ ಮನೆಯಲ್ಲಿ ಇನ್ನಾರಿಗಿದೆಯೋ
ಅವರ ಪಕ್ಕ ಒಂದು ಸಂಜೆ ಕೂತು
ಹೇಳಿ ಬಾ.