ಇಪ್ಪತ್ತೆರಡು ಇಂಚು

ಭಾಗ್ಯನಗರದಾಗ ಕೂದಲಕ್ಕ ಜಾತಿ ಇಲ್ಲ,
ಇಂಚು ಐತಿ.
ಎಂಟು, ಹನ್ನೆರಡು, ಹದಿನೆಂಟು.
ಇಪ್ಪತ್ತೆರಡು ದಾಟಿದ್ರ ಸಾಹುಕಾರ ತಾನ ಎದ್ದು ಬರ್ತಾನ.

ಹುಸೇನಮ್ಮ ನನ್ನ ಎಡಕ್ಕ ಕುಂದರ್ತಿದ್ಲು,
ಹದಿನಾರು ವರ್ಷ.
ಊರೂರ ಹಣಿಗಿಯಿಂದ ಕಿತ್ತ ಉಂಡಿ,
ಸ್ಟೀಲ್ ಡಬ್ಬಿಗೋ ಪಿನ್ನಿಗೋ ಪುಗ್ಗಕ್ಕೋ ಮಾರಿದ್ದು,
ನಮ್ಮ ಮುಂದ ಗುಡ್ಡಿ ಬೀಳತಿತ್ತು.
ನಾನು ಸೂಜಿಲೆ ಬಿಡಸಾಕಿ, ಆಕಿ ಬಿಳಿ ಆರಸಾಕಿ.
ಕರಿ ರಾಶ್ಯಾಗ ಒಂದು ಬಿಳಿ ಎಳಿ ಕಂಡ್ರ
ಅಕ್ಕ್ಯಾಗಿನ ಹಳ್ಳು ತಗದಂಗ ತಗದು
"ಯಾವಾಕಿ ತಲಿದೋ, ಏನು ಚಿಂತಿ ಮಾಡಿದ್ಲೋ" ಅಂತಿದ್ಲು
ಕೈ ನಿಲ್ಲಸದ.

ಗಂಟು ಅಂದ್ರ ನಮಗ ಹೆದರಿಕಿ ಇಲ್ಲ,
ದಿನಾ ಸಾವಿರ ಬಿಡಸ್ತೀವಿ.
ಅದಕ್ಕ ಇರಬೇಕು, ಎದಿಯಾಗಿನ ಗಂಟು
ಆರು ತಿಂಗಳ ಯಾರಿಗೂ ಹೇಳಲಿಲ್ಲ.

ಆಮ್ಯಾಲ ಹುಬ್ಬಳ್ಳಿ ದವಾಖಾನಿ.
ಮುಂಜಾನಿ ಪ್ಯಾಸೆಂಜರಿಗೆ ಹೋಗೂದು,
ರಾತ್ರಿ ಪ್ಯಾಸೆಂಜರಿಗೆ ವಾಂತಿ ಮಾಡಕೋಂತ ಬರೂದು.
ಎರಡನೇ ಸೂಜಿಗೆ ತಲಿ ಬೋಳಾತು.
ದಿಂಬಿನ ಮ್ಯಾಲಿಂದೆಲ್ಲ ಒಟ್ಟು ಮಾಡಿ
ಹಳೇ ಸೆರಗಿನ ಚೂರಿನಾಗ ಕಟ್ಟಿ ತಂದು
ಸಾಹುಕಾರನ ಮುಂದ ಇಟ್ಲು:
"ಇದಕ್ಕೇನಾರ ಬರ್ತೈತೇನ್ರಿ?"
ಅಂವ ಎರಡು ಬೆರಳಾಗ ಹಿಡದು ಎಳದ. ಪಟ್ ಅಂತು.
"ಜೀವ ಇಲ್ಲವಾ ಇದರಾಗ."
ಕೂದಲದ ಮಾತ ಆಡಿದ್ದ ಅಂವ.
ನಾವಿಬ್ರೂ ಗೋಡಿ ನೋಡಿದ್ವಿ.

ಅವತ್ತ ರಾತ್ರಿ ಜಡಿ ಬಿಚ್ಚಿ ಟೇಪ್ ಹಿಡದೆ.
ಇಪ್ಪತ್ತೆರಡು, ಮ್ಯಾಲ ಎರಡು ಬೆರಳು.
ಇಷ್ಟು ದಿನ ತಲಿ ಮ್ಯಾಲ ರೊಕ್ಕ ಹೊತಗೊಂಡು
ಸಂಘದ ಸಾಲಕ್ಕ ಹೆಬ್ಬೆಟ್ಟು ಒತ್ತಿದ್ದೆ.

ಹಡಪದ ಮುದಿಯಪ್ಪ ಬಾಗಲಾಗ ತಡದ.
"ಗಂಡ ಅದಾನಲ್ಲಬೇ ಇನ್ನಾ?"
ಅದಾನ. ಸೈಕಲ್ ಹಿಡಕೊಂಡು ಅಲ್ಲೇ ನಿಂತಾನ.
"ಹಂಗಾರ ಹರಕಿ. ಹುಲಿಗೆಮ್ಮಗ? ತಿರುಪತಿಗೆ?"
ಹುಸೇನಮ್ಮಗ ಅಂದೆ.
ಆ ದೇವರ ಗುಡಿ ಎಲ್ಲೈತಿ ಅಂತ ಅಂವ ಕೇಳಲಿಲ್ಲ,
ಹೊಸ ಬ್ಲೇಡು ಮುರದು ಹಾಕಿದ.
ನೆತ್ತಿಗೆ ಮೊದಲ ಗಾಳಿ ಬಡದಾಗ
ಅಳು ಬರ್ತೈತಿ ಅಂದಕೊಂಡಿದ್ದೆ,
ಬರೀ ತಂಪಾತು.

ಸಾಲಿಗೆ ಕರಿಯಾಕ ಬರಬ್ಯಾಡ ಅಂದ್ಲು ಮಗಳು.
ಅತ್ತಿ ಮಗನ ಆಯುಷ್ಯಕ್ಕ ಅಂಜಿ ದೀಪ ಹಚ್ಚಿದ್ಲು.
ಕಿರಾಣಿ ಅಂಗಡ್ಯಾಂವ ತಲಿ ನೋಡಿ, ಕುಂಕುಮ ನೋಡಿ, ಬಳಿ ನೋಡಿ,
ಲೆಕ್ಕ ಹತ್ತದ, ಹತ್ತು ರೂಪಾಯಿ ಜಾಸ್ತಿ ಚಿಲ್ಲರಿ ಕೊಟ್ಟ.

ಸೋಮವಾರ ಕೆಲಸದಾಗ ಸೆರಗು ಸರಿಸಿದೆ.
ಯಾರೂ ಏನೂ ಅನಲಿಲ್ಲ.
ಬುಧವಾರ ಗಾಳೆಮ್ಮ ಬಂದ್ಲು, ಬೋಳು.
ಮರುದಿನ ನೇಕಾರ ಓಣಿ ಸರೋಜಾ ಆರು ಇಂಚು ಕತ್ತರಿಸಿ
ಹಾಳ್ಯಾಗ ಸುತ್ತಿ ತಂದು
"ತಮ್ಮನ ಲಗ್ನ ಐತಿ, ಇಷ್ಟ ತಗೋರಿ" ಅಂದ್ಲು.
ಅದನೂ ತಗೊಂಡ್ವಿ.

ತಕ್ಕಡಿ ಮ್ಯಾಲ ನನ್ನ ಜಡಿ ನೂರಾ ನಲವತ್ತು ಗ್ರಾಂ.
ಎಣ್ಣಿ, ಬಿಸಲು, ಬಾಚೂ ಮುಂದ ಅವ್ವ ಕುಕ್ಕಿದ ಕುಕ್ಕು,
ಎಲ್ಲಾ ಕೂಡಿ ನೂರಾ ನಲವತ್ತು.
ಸಾಹುಕಾರ ಒಂದು ರೇಟು ಬರದ,
ಕನ್ನಡಕ ತಗದು ಒರಿಸಿದ,
ಹೊಡದು ಹಾಕಿ ಇನ್ನೊಂದು ಬರದ.
ಮೂರು ಜನರದೂ ಸೇರಿ ಮೂರು ಸೂಜಿ, ಬಂದು ಹೋಗೂ ಟಿಕೀಟು.
ಇನ್ನೂ ಐದು ಸೂಜಿ ಅದಾವ.

ಸುದ್ದಿ ತಿಳದು ಹುಸೇನಮ್ಮ ಬಂದ್ಲು, ಸಿಟ್ಟಿಲೆ,
ಆಟೋದ ಕಂಬಿ ಹಿಡಕೊಂಡು ಇಳಕೋಂತ.
"ನಿನಗ್ಯಾರು ಹೇಳಿದ್ರು?"
ಯಾರೂ ಹೇಳಿರಲಿಲ್ಲ. ನಾನು ತಲಿ ಕೆರಕೊಂಡೆ,
ಕೆರಕೊಳ್ಳಾಕ ಏನೂ ಇರಲಿಲ್ಲ.
ಆಕಿ ನಕ್ಕು ಕೆಮ್ಮಿದ್ಲು.
ಸಾಹುಕಾರ ಒಂದು ಟೋಪನ್ ಕೊಡ್ತೀನಿ ಅಂದ.
"ಬ್ಯಾಡ್ರಿ. ಈ ಬ್ಯಾಸಗ್ಯಾಗ ಯಾರ ತಲಿ ಹೊತಗೊಂಡು ತಿರಗ್ಲಿ?"

ಡಬ್ಬಿ ತುಂಬೂ ಹೊತ್ತು.
ಮ್ಯಾಲ ಯಾವ ದೇಶದ ಹೆಸರೈತೋ ನಮಗ ಓದಾಕ ಬರಂಗಿಲ್ಲ.
ಆಕಿ ನನ್ನ ಕಟ್ಟು ಎಳಕೊಂಡು ತೊಡಿ ಮ್ಯಾಲ ಹಾಸಿದ್ಲು.
ಉಗುರು ಕಪ್ಪಾದ ಬೆರಳು ತಾವ ನಡದ್ವು.
ಒಂದು. ಇನ್ನೊಂದು. ಬೆಳಕಿಗೆ ಹಿಡದು, ಮತ್ತೊಂದು.
"ಬಿಳಿ ಹಂಗ ಬಿಟ್ಟೀಯಲ್ಲೇ ದ್ಯಾಮವ್ವಾ,
ಹಿಂಗಾದ್ರ ಮಾಲು ತಿರಗಿ ಬರ್ತೈತಿ" ಅಂತ ಬೈದ್ಲು,
ಕೈ ನಿಲ್ಲಸದ.