ನಾಲ್ಕನೆಯ ಪ್ರತಿ

ಮೊದಲ ಪ್ರತಿ ಫೈಲಿಗೆ,
ಎರಡನೆಯದು ಫೌಂಡ್ರಿ ಮಾಲಕರಿಗೆ,
ಮೂರನೆಯದು ವಿಮಾ ಕಂಪನಿಗೆ.
ಮೂರು ಕಾರ್ಬನ್ ದಾಟಿ ಬರುವಷ್ಟರಲ್ಲಿ
ಅಕ್ಷರ ಮಂಜಾಗಿ
ಕೊಂಬು ಯಾವುದು ದೀರ್ಘ ಯಾವುದು ತಿಳಿಯದ
ನಾಲ್ಕನೆಯದು
ಕೈ ಕಳಕೊಂಡವನಿಗೆ.

ಬೆಳಗಾವಿಯ ಆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ
ಹೀಗೇ ಟೈಪು ಮಾಡಿದೆ.
ಕೆಲವು ಸಾಲು ಸಾಹೇಬರು ಹೇಳಬೇಕಾಗಿಯೇ ಇರಲಿಲ್ಲ,
ಬೆರಳಿಗೇ ಬಾಯಿಪಾಠ:
‘ಉಭಯ ಪಕ್ಷಗಾರರನ್ನು ಆಲಿಸಲಾಯಿತು.
ವೈದ್ಯಕೀಯ ದಾಖಲೆ ಪರಿಶೀಲಿಸಲಾಯಿತು.’
ಲಾಯಿತು ಲಾಯಿತು ಎನ್ನುತ್ತ ಸಾಲಿನ ತುದಿಗೆ ಹೋಗಿ
ಟಿಂಗ್ ಎನ್ನುವುದು ಯಂತ್ರ.
ಯಾರು ಆಲಿಸಿದರು?
ವ್ಯಾಕರಣ ಕೇಳುವುದಿಲ್ಲ.

ಉದ್ಯಮಬಾಗದ ಸಿದ್ರಾಯ ಹಂಚಿನಮನಿ.
ಬಲಗೈ. ಅಚ್ಚಿನ ಪೆಟ್ಟಿಗೆ ಜಾರಿ ಮೂರು ಬೆರಳು.
ಸಿವಿಲ್ ಆಸ್ಪತ್ರೆಯವರು ಬರೆದದ್ದು ಶೇಕಡಾ ನಲವತ್ತೆರಡು,
ಕಂಪನಿಯ ಡಾಕ್ಟರು ಹದಿನಾಲ್ಕು.
ನಡುವಿನ ಇಪ್ಪತ್ತೆಂಟನ್ನು
ಯಾವ ಬೆರಳಿನ ಯಾವ ಗೆಣ್ಣಿನಲ್ಲಿ ಕಳೆದರೋ
ಆ ಲೆಕ್ಕ ಕಾಗದದಲ್ಲಿಲ್ಲ.

ಹನ್ನೊಂದಕ್ಕೆ ಬರಹೇಳಿದ್ದು.
ಮೂರೂವರೆಗೂ ಅವನು ಹೊರಗಿನ ಬೆಂಚಿನ ಮೇಲೆ,
ಟವೆಲ್ಲಿನೊಳಗೆ ಕೈ ಇಟ್ಟುಕೊಂಡು.
ಒಳಗೆ ವಿಮಾ ವಕೀಲರಿಗೆ ಚಹಾ ಬಂತು.
ಸುಳ್ಳೇಕೆ, ನನಗೂ ಬಂತು.
ಸಂಜೆಗೆ ಆದೇಶ ತಯಾರಿರಬೇಕು.
ನಾಲ್ಕು ಹಾಳೆ, ಮೂರು ಕಾರ್ಬನ್ ಏರಿಸಿ
‘ಉಭಯ’ ಮುಗಿಸಿ ‘ಪಕ್ಷ’ಕ್ಕೆ ಬೆರಳೆತ್ತಿದ್ದೆ.
ಬಾಗಿಲಲ್ಲಿ ಅವನು.

‘ಅಕ್ಕಾರ, ಒಂದ ಮಾತ.
ಆ ಹದಿನಾಕು ಬರದಾವರು
ನನ್ನ ಕೈ ಯಾವಾಗ ನೋಡ್ಯಾರ್ರಿ?
ನಾ ಅಂತೂ ಅವರನ್ನ ನೋಡಿಲ್ಲ.
ಆ ಕಾಗದಾನೂ ನನಗ ತೋರಿಸಿಲ್ಲ.
ರೊಕ್ಕ ಎಷ್ಟರೆ ಆಗಲಿ,
ಅದರಾಗ ಏನೈತಿ ಅಂತ ತಿಳದರ
ನಾ ಹೌದು ಅನ್ನಬೇಕೋ, ಅಲ್ಲ ಅನ್ನಬೇಕೋ...’

ಮಾತು ಅಲ್ಲಿಗೇ ಬಿಟ್ಟ.
ಟವೆಲ್ ತೆಗೆಯಲಿಲ್ಲ.
ತೆಗೆದು ತೋರಿಸಿದ್ದರೆ ನಾನು ಮರುಗಿ,
ಮರುಗಿದ್ದೇ ಸಾಕೆಂದು
ಟೈಪು ಮುಂದುವರಿಸುತ್ತಿದ್ದೆನೇನೋ.

ಫೈಲು ಬಿಚ್ಚಿದೆ. ಹದಿನಾಲ್ಕರ ಸರ್ಟಿಫಿಕೇಟು.
ಪರೀಕ್ಷಿಸಿದ ತಾರೀಖು: ಖಾಲಿ.
ಗಾಯಾಳುವಿನ ಸಹಿ ಅಥವಾ ಹೆಬ್ಬೆಟ್ಟು: ಖಾಲಿ.
ಇಷ್ಟು ವರ್ಷ ಇಂಥ ಎಷ್ಟು ಖಾಲಿಗಳ ಮೇಲೆ
‘ಪರಿಶೀಲಿಸಲಾಯಿತು’ ಹೊಡೆದಿದ್ದೆನೋ
ನನ್ನ ಹತ್ತೂ ಬೆರಳಿಗೆ ಗೊತ್ತು.

ಮಾಡಿದ್ದು ದೊಡ್ಡದೇನಲ್ಲ.
ಉಭಯದ ಮುಂದೆ ಕೀಲಿ ಒತ್ತಲಿಲ್ಲ.
ಹಾಳೆ ಹಾಗೇ ಒಯ್ದು ಸಾಹೇಬರ ಮುಂದಿಟ್ಟು
‘ಆ ಮನಷ್ಯಾನ್ನ ಇನ್ನೂ ಕರದಿಲ್ರಿ’ ಅಂದೆ.
ಅವರು ನನ್ನ ನೋಡಿದರು, ಗಡಿಯಾರ ನೋಡಿದರು.
ವಕೀಲರು ಕೆಮ್ಮಿದರು.
ಆಮೇಲೆ ಜವಾನನ ಕೂಗು,
ಹೊರಗಿನ ಬೇವಿನ ಮರದ ಕಾಗೆ ಏಳುವಷ್ಟು ಜೋರು:
ಸಿದ್ರಾಯ ಹಂಚಿನಮನೀ!

ಡಾಕ್ಟರನ್ನು ಕರೆಸಿ ಪಾಟೀಸವಾಲು ಮಾಡಲು
ತಾರೀಖು ಬಿತ್ತು, ಅಷ್ಟೇ.
ಅದು ಬರುವ ಮೊದಲೇ ನನಗೆ ಗೋಕಾಕಕ್ಕೆ ವರ್ಗ.
ಎಷ್ಟಕ್ಕೆ ಮುಗಿಯಿತೋ,
ನಲವತ್ತೆರಡೋ, ಹದಿನಾಲ್ಕೋ, ನಡುವೆ ಎಲ್ಲೋ.

ಆ ಸಂಜೆ ಸರ್ಟಿಫಿಕೇಟಿನ ನಕಲನ್ನೂ ತಾರೀಖನ್ನೂ
ಕಾರ್ಬನ್ ಇಲ್ಲದೆ, ಬೇರೆ ಹಾಳೆಯಲ್ಲಿ,
ರಿಬ್ಬನ್ನಿನ ಕಪ್ಪಿನಲ್ಲೇ ಹೊಡೆದು ಕೊಟ್ಟೆ.
ಎಡಗೈಯಲ್ಲಿ ಹಿಡಿದು
ಅದೇ ಬೆಂಚಿನ ಮೇಲೆ ಕೂತು ಓದಿದ,
ಅಕ್ಷರ ಕೂಡಿಸಿ ಕೂಡಿಸಿ,
‘ಖಾಲಿ’ ಬಂದಲ್ಲಿ ನಿಂತು,
ಐದೂವರೆಯ ಬಸ್ಸು ಹೋಗಿಬಿಡುವವರೆಗೆ.